ಎರಡು ಎಣಿಕೆಯ ಮೌನ

ಕ್ಷಮಾಪಣೆ ಪತ್ರ ಆಗಲೇ ಟೈಪ್ ಆಗಿತ್ತು. ಬಿಂದುಶ್ರೀಯ ಸಹಿ ಮಾತ್ರ ಬಾಕಿ.

‘ಈ ಸ್ವರಗಳು ಉಮಾಮಹೇಶ್ವರ ಭಟ್ಟರ ಮನೆತನದವು. ನನ್ನ ಅಜ್ಜನ ರಚನೆಯೆಂದು ಹಾಡಿದ್ದು ತಪ್ಪು. ಇನ್ನು ಮುಂದೆ ಹಾಡುವುದಿಲ್ಲ.’ ಮೂರೇ ವಾಕ್ಯ. ಸಹಿ ಹಾಕದಿದ್ದರೆ ಭಾನುವಾರ ತೀರ್ಥಹಳ್ಳಿಯ ಸಂಗೀತ ಕಛೇರಿ ರದ್ದು; ಹೊಸನಗರದಲ್ಲಿ ಅವಳ ಬಳಿ ಪಾಠಕ್ಕೆ ಬರುವ ಮಕ್ಕಳ ಮನೆಗಳಿಗೂ ಸುದ್ದಿ ಹೋಗುತ್ತದೆ. ಹಾಕಿದರೆ ಕಛೇರಿ ನಡೆಯುತ್ತದೆ, ಅಜ್ಜನ ಹೆಸರಿಲ್ಲದೆ.

ಆ ಕಛೇರಿ ಏರ್ಪಡಿಸಿದ ಸಾಗರದ ಸಂಗೀತ ಸಭೆಯ ಕೋಣೆ. ಬೆಳಿಗ್ಗೆ ಹನ್ನೊಂದು. ಅಧ್ಯಕ್ಷ ನಾಗರಾಜಪ್ಪ ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರು; ದಾಖಲೆ ಇಲ್ಲದೆ ಮಳೆಯನ್ನೂ ನಂಬುವವರಲ್ಲ. ಅವರ ಬಲಕ್ಕೆ ದೂರು ಕೊಟ್ಟ ಗಾಯಕ ಉಮಾಮಹೇಶ್ವರ ಭಟ್ಟರು. ಪಕ್ಕದಲ್ಲಿ ಭಟ್ಟರ ಮಗ ಹರಿಪ್ರಸಾದ್, ತೊಡೆಯ ಮೇಲೆ ಹಳೆಯ ಟೇಪ್ ರೆಕಾರ್ಡರ್. ಎದುರಿಗೆ ಬಿಂದುಶ್ರೀ, ಒಬ್ಬಳೇ.

ತಕರಾರು ಆನಂದಭೈರವಿ ರಾಗದ ಎಂಟು ಸಾಲಿನದು. ಸಾಹಿತ್ಯವಿಲ್ಲ, ಬರೀ ಸ್ವರ. ಭಟ್ಟರ ಮನೆಯಲ್ಲಿ ಅದನ್ನು ತಂದೆ ಮಗನಿಗಲ್ಲದೆ ಬೇರೆಯವರಿಗೆ ಹೇಳಿಕೊಡುವುದಿಲ್ಲ. ಕಳೆದ ತಿಂಗಳು ಬಿಂದುಶ್ರೀ ಹೆಗ್ಗೋಡಿನಲ್ಲಿ ಅದನ್ನು ಹಾಡಿದಳು. ‘ನನ್ನಜ್ಜ, ನಾಗಸ್ವರದ ಭೂತಪ್ಪನವರ ರಚನೆ’ ಎಂದು ಮೈಕಿನಲ್ಲಿ ಹೇಳಿಯೂ ಬಿಟ್ಟಳು.

“ದಾಖಲೆ ಏನಿದೆ, ಮೇಡಂ?” ನಾಗರಾಜಪ್ಪ ಕೇಳಿದರು.

“ಬರೆದಿಟ್ಟಿದ್ದು ಇಲ್ಲ ಸರ್. ಅಜ್ಜ ಅಮ್ಮನಿಗೆ ಬಾಯಲ್ಲೇ ಹೇಳ್ಕೊಟ್ರು. ಅಮ್ಮ ನನಗೆ.”

“ಅಮ್ಮನ್ನ ಕರ್ಕೊಂಡು ಬರ್ಬಹುದಿತ್ತು.”

“ತೀರ್ಕೊಂಡು ಎರಡು ವರ್ಷ ಆಯ್ತು.”

ಭಟ್ಟರು ನಕ್ಕರು. “ಮೂಕಮ್ಮ ಅಂತ ಹೆಸರು ತಾನೆ? ಹತ್ತು ವರ್ಷ ನಮ್ಮನೆಗೆ ಅಡಿಕೆ ಸುಲಿಯೋಕೆ ಬಂದವಳು. ಸುಲಿಯೋ ಚಪ್ಪರ ಈಚೆ, ಅಪ್ಪಯ್ಯ ಹಾಡ್ತಿದ್ದ ಕೋಣೆ ಆಚೆ. ನಡುವೆ ಒಂದೇ ಗೋಡೆ. ಕೈ ಅಡಿಕೆ ಸುಲೀತಿತ್ತು, ಕಿವಿ ಬೇರೇನೋ ಸುಲೀತಿತ್ತು.”

“ಬರ್ತಿದ್ದದ್ದು ಹೌದು,” ಅಂದಳು ಬಿಂದುಶ್ರೀ.

ನಾಗರಾಜಪ್ಪ ಬರೆದುಕೊಂಡರು.

ಭಟ್ಟರು ಒಂದು ನೋಟ್‌ಬುಕ್ ತೆರೆದಿಟ್ಟರು. ಅವರ ಅಜ್ಜ ಸುಬ್ಬಯ್ಯ ಭಟ್ಟರ ಕೈಬರಹ. ಎಂಟೂ ಸಾಲುಗಳಿದ್ದವು, ಮೇಲೆ ‘ಆಗುಂಬೆ, 1982’. ಆ ವರ್ಷ ಸುಬ್ಬಯ್ಯನವರು ಆಗುಂಬೆಯಲ್ಲಿ ಹನ್ನೊಂದು ದಿನ ಮೌನವ್ರತ ಹಿಡಿದಿದ್ದರು, ಸ್ವರಗಳು ಆಗಲೇ ಹೊಳೆದವು ಎಂಬುದು ಮನೆಯ ಕಥೆ.

“ನಿನ್ನಜ್ಜ ಸತ್ತಿದ್ದು ಯಾವಾಗ?”

“ಎಂಬತ್ತೊಂದರಲ್ಲಿ.”

“ಅಧ್ಯಕ್ಷರೇ, ಬರ್ಕೊಳ್ಳಿ. ಸತ್ತ ಮಾರನೇ ವರ್ಷ ರಚನೆ ಮಾಡಿದ್ದಾನೆ.” ಭಟ್ಟರು ಅವಳತ್ತ ತಿರುಗಿದರು. “ಬದುಕಿದ್ದಾಗ್ಲಾದ್ರೂ ಆಗ್ತಿತ್ತಾ? ದಮ್ಮಿನ ಕಾಯಿಲೆಯ ಮನುಷ್ಯ. ಆ ಐದನೇ ಸಾಲಿನ ಉದ್ದ ನೋಡು. ಅವನಿಗೆ ಉಸಿರು ಸಾಲ್ತಿತ್ತಾ? ಹಾಡು ನೋಡುವ.”

ಬಿಂದುಶ್ರೀ ಹಾಡಿದಳು. ಎಂಟು ಸಾಲು, ಎಲ್ಲಿಯೂ ತಡೆಯಿಲ್ಲದೆ. ಐದನೆಯ ಸಾಲು ಮುಗಿಯುವಾಗ ಭಟ್ಟರ ಬೆರಳು ಮೇಲೆದ್ದಿತು.

“ಸಿಕ್ಕಿಬಿದ್ಲು. ಮಾಣಿ, ಟೇಪು ಹಾಕು.”

ಹರಿಪ್ರಸಾದ್ ಕ್ಯಾಸೆಟ್ ಹಾಕಿದ. ಸುಬ್ಬಯ್ಯ ಭಟ್ಟರ ಧ್ವನಿ; ತುಂಬು, ನಿಧಾನ. ಐದನೆಯ ಸಾಲಿನ ಅರ್ಧಕ್ಕೆ ಅದು ಥಟ್ಟನೆ ನಿಂತಿತು. ತಾಳದ ಎರಡು ಎಣಿಕೆ ಏನೂ ಇಲ್ಲ. ಮತ್ತೆ ಹೊರಟಿತು. ಆ ಎರಡು ಎಣಿಕೆಯಲ್ಲಿ ತಂದೆ, ಮಗ ಇಬ್ಬರೂ ಬಲ ಅಂಗೈಯನ್ನು ಎದೆಗೆ ಒತ್ತಿಕೊಂಡರು.

“ಅಜ್ಜನ ಮೌನ ಅಂತೀವಿ ಇದನ್ನ,” ಅಂದರು ಭಟ್ಟರು. “ಅಲ್ಲಿ ಅಜ್ಜ ಎದೆ ಮುಟ್ಕೊಳ್ತಿದ್ರು. ನಾಲ್ಕು ತಲೆಮಾರು ಹಾಗೇ ಹಾಡ್ತಿದೀವಿ. ಗೋಡೆ ಆಚೆ ಕೂತು ಕದ್ದವರಿಗೆ ಸ್ವರ ಸಿಗ್ತದೆ, ಮೌನ ಸಿಗೋದಿಲ್ಲ. ಮೌನ ಯಾರದ್ದೋ, ಸ್ವರ ಅವರದ್ದು.”

“ಇದನ್ನೂ ಬರ್ಕೊಳ್ಳಲಾ?”

“ಬರ್ಕೊಳ್ಳಿ. ಅಡಿಗೆರೆ ಎಳೀರಿ.”

ನಾಗರಾಜಪ್ಪ ಸ್ಕೇಲು ಹುಡುಕಿ ಗೆರೆ ಎಳೆದರು. ಪತ್ರವನ್ನು ಬಿಂದುಶ್ರೀಯ ಮುಂದಕ್ಕೆ ಸರಿಸಿದರು.

ಅವಳು ಪೆನ್ನು ತೆಗೆದುಕೊಂಡಳು. ಕಣ್ಣು ಕ್ಯಾಸೆಟ್ಟಿನ ಡಬ್ಬಿಯ ಮೇಲಿತ್ತು. ಅದರ ಮೇಲೆಯೂ ಸುಬ್ಬಯ್ಯನವರದೇ ಅಕ್ಷರ: ‘ಒಂದನೇ ಬದಿ: ಸ್ವಂತ ಗಾಯನ, 1983. ಎರಡನೇ ಬದಿ: ವನಮಾಲಾ ಮದುವೆ, ಮೇ 1979.’

“ವನಮಾಲಾ ಅಂದ್ರೆ?”

“ನಮ್ಮತ್ತೆ,” ಅಂದರು ಭಟ್ಟರು. “ಆ ಬದೀಲಿ ಏನೂ ಇಲ್ಲ. ಮದುವೆ ಓಲಗ. ನಾವ್ಯಾರೂ ಅದನ್ನ ಹಾಕಿದ್ದೇ ಇಲ್ಲ.”

“ಓಲಗ ಯಾರದ್ದು?”

“ನಿನ್ನಜ್ಜನದ್ದೇ. ಆಗ ಈ ಕಡೆ ಬೇರೆ ಯಾರಿದ್ರು?”

ಬಿಂದುಶ್ರೀ ಪೆನ್ನಿನ ಮುಚ್ಚಳ ಹಾಕಿದಳು. “ಸಹಿ ಹಾಕ್ತೀನಿ, ಭಟ್ರೇ. ಅದಕ್ಕೆ ಮುಂಚೆ ಐದು ನಿಮಿಷ ಕೇಳ್ಬೋದಾ? ಅಜ್ಜ ನುಡಿಸಿದ್ದು ನಮ್ಮನೇಲಿ ಒಂದೂ ಇಲ್ಲ.”

ಭಟ್ಟರು ಮಗನಿಗೆ ಕೈಸನ್ನೆ ಮಾಡಿದರು. “ಕೇಳಲಿ ಬಿಡು. ಕೇಳಿಯೇ ಸಹಿ ಹಾಕಲಿ.”

ಬದಿ ಬದಲಾಯಿತು. ಪಾತ್ರೆಗಳ ಸದ್ದು. ಯಾರೋ ಸಾರು ಕೇಳುತ್ತಿದ್ದರು. ಆಮೇಲೆ ಆ ಗದ್ದಲ ಹಿಂದಕ್ಕೆ ಹೋಯಿತು. ಯಾರೋ ರೆಕಾರ್ಡರನ್ನು ಎತ್ತಿ ತಂದು ಓಲಗದವರ ಮುಂದೆಯೇ ಇಟ್ಟಂತೆ, ಡೋಲಿನ ಕೋಲಿನ ತುದಿಯ ಸದ್ದು ಕೂಡ ಕೇಳತೊಡಗಿತು. ನಾಗಸ್ವರ ಶುರುವಾಯಿತು.

ಎರಡನೆಯ ಸಾಲಿಗೆ ನಾಗರಾಜಪ್ಪನವರ ಪೆನ್ನು ನಿಂತಿತು. ಆನಂದಭೈರವಿ. ಅದೇ ಸ್ವರಗಳು.

“ಅಪ್ಪಯ್ಯಾ,” ಅಂದ ಹರಿಪ್ರಸಾದ್.

“ನಿಲ್ಸು.”

ಹರಿಪ್ರಸಾದನ ಬೆರಳು ಗುಂಡಿಯ ಹತ್ತಿರ ಹೋಯಿತು. ನಾಗರಾಜಪ್ಪ ಅವನ ಮಣಿಕಟ್ಟು ಹಿಡಿದರು. “ಇರ್ಲಿ. ಇದೂ ದಾಖಲೆ.”

“ನಮ್ಮಜ್ಜ ಹಾಡಿದ್ದನ್ನ ಕದ್ದು ಕೇಳಿರ್ಬೇಕು,” ಭಟ್ಟರ ಧ್ವನಿ ಏರಿತು. “ಎಪ್ಪತ್ತೊಂಬತ್ತಕ್ಕೆ ಮುಂಚೇನೇ ಹಾಡಿರ್ಬೇಕು. ಮೌನ ಬರೋದಿಲ್ಲ, ನೋಡ್ತಾ ಇರಿ. ಅವನಿಗೆ ಮೌನ ಎಲ್ಲಿಂದ ಬರ್ಬೇಕು?”

ಮೂರನೆಯ ಸಾಲು. ನಾಲ್ಕು. ಐದನೆಯದು ಮೇಲೇರುತ್ತಿದ್ದಂತೆ ಭಟ್ಟರ ಬಲಗೈ ರೂಢಿಯಂತೆ ತಾನಾಗಿ ಎದೆಯತ್ತ ಹೋಯಿತು.

ಸಾಲಿನ ಅರ್ಧಕ್ಕೆ ನಾಗಸ್ವರ ನಿಂತಿತು. ಸರಿಯಾಗಿ ಎರಡು ಎಣಿಕೆ ಭೂತಪ್ಪನವರು ಕೆಮ್ಮಿದರು, ಮತ್ತೆ ನುಡಿಸಿದರು.