ಅಜ್ಜಿಯ ಸೀರಣಿಗೆ

ಇವತ್ತು ಪೆಟ್ಟಿಗೆಯ ತಳದಲ್ಲಿ ಮರದ ಸೀರಣಿಗೆ ಸಿಕ್ಕಿತು; ಮೂಸಿದರೆ ಈಗಲೂ ಬಟ್ಟೆ ಸೋಪಿನ ವಾಸನೆ ಬಂದಂತಾಯಿತು.

ನಾನು ಚಿಕ್ಕವಳಿದ್ದಾಗ, ಮೇಲೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಅಣಿಯಾಗುವ ಹೊತ್ತು. ಹಿಪ್ಪುನೇರಳೆ ತೋಟದಲ್ಲಿ ನಾನು ಹಿಡಿದು ತಂದ, ಮನುಷ್ಯರನ್ನೇ ಕಂಡಿರದ ಬೆಕ್ಕಿನ ಮರಿಗೆ ಮೈತುಂಬ ಚಿಗಟ. ಅಂಗಡಿಯಿಂದ ಚಿಗಟ ಸಾಯಿಸುವ ಪುಡಿ ತಂದರೆ ಅಜ್ಜಿ ಹೊಸ್ತಿಲಲ್ಲೇ ತಡೆದಳು.

"ಆ ವಿಷದ ಗಾಳಿ ತಾಕಿದ್ರೆ ಹುಳ ಎಲ್ಲಾ ಸಾಯ್ತವೆ ಕಣೇ. ಪುಡೀನೂ ಬೇಡ, ಬೆಕ್ಕೂ ಬೇಡ. ತೋಟಕ್ಕೆ ಬಿಟ್ಟು ಬಾ."

ನಾನು ಬಿಡಲಿಲ್ಲ. ನನ್ನ ತಲೆಯ ಹೇನು ತೆಗೆಯುತ್ತಿದ್ದ ಅವಳ ಸೀರಣಿಗೆಯನ್ನೇ ಕದ್ದೆ. ಮರಿಯನ್ನು ಟವಲಿನಲ್ಲಿ ಸುತ್ತಿ, ಕೊಟ್ಟಿಗೆಯಲ್ಲಿ ಕೂತು ಮಧ್ಯಾಹ್ನವೆಲ್ಲ ಬಾಚಿದೆ. ಸಿಕ್ಕ ಚಿಗಟವೆಲ್ಲ ಬೋಗುಣಿಯ ಸೋಪಿನ ನೀರಿಗೆ. ಮೊಣಕೈವರೆಗೂ ಪರಚಿದ ಗಾಯ. ಕೊನೆಗೆ ಮರಿ ನನ್ನ ಮಡಿಲಲ್ಲೇ ನಿದ್ದೆಹೋಯಿತು.

ಅಜ್ಜಿ ಬಂದು ಬೋಗುಣಿಯ ಕಪ್ಪು ನೀರು ನೋಡಿದಳು. ಮರಿಯ ರೋಮ ಬಿಡಿಸಿ ಬಿಡಿಸಿ ಹುಡುಕಿದಳು; ಒಂದು ಚಿಗಟವೂ ಸಿಗಲಿಲ್ಲ. ನಾನು ಹೆದರುತ್ತಲೇ ಸೀರಣಿಗೆ ಚಾಚಿದೆ.

"ನೀನೇ ಇಟ್ಕೊಳ್ಳಮ್ಮ, ನಿನ್ನ ತಲೆಗೆ ಬೇರೆ ತರ್ತೀನಿ," ಅಂದಳು ಅಜ್ಜಿ.

ಅಷ್ಟರಲ್ಲಿ ಸೊಪ್ಪಿನ ಹೊರೆ ಹೊತ್ತು ಬಂದ ಚಿಕ್ಕಪ್ಪನಿಗೆ ಅವಳು ಮೆಲ್ಲಗೆ ಹೇಳಿದಳು: "ಸದ್ದು ಮಾಡ್ಬೇಡ ಕಣೋ, ನಮ್ಮ ಡಾಕ್ಟ್ರಮ್ಮನ ಪೇಷೆಂಟು ಮಲಗೈತೆ."