ಹೊಸ್ತಿಲ ಬಳಿಯ ಹನಿ

ದೇವರ ಮನೆಯ ಹೊಸ್ತಿಲ ಬಳಿ ಒಂದು ಹನಿ ರಕ್ತ ಬಿದ್ದಿತ್ತು. ಅತ್ತೆ ಕೂಗಿಕೊಂಡ ರಭಸಕ್ಕೆ ಚಾರುಲತಾ ಒಲೆಯ ಮೇಲಿನ ಸಾರನ್ನು ಬಿಟ್ಟು ಓಡಿ ಬಂದಳು.

"ಮುಟ್ಟಾಗಿದ್ದನ್ನ ಮುಚ್ಚಿಟ್ಕೊಂಡು ಒಳಗೆಲ್ಲ ಓಡಾಡ್ತಿದ್ದೀಯಾ? ನಾಚಿಕೆ ಆಗಲ್ವಾ ನಿನಗೆ?"

"ನಂದಲ್ಲ ಅತ್ತೆ. ಹೋದ ವಾರ ತಾನೇ ತಲೆಗೆ ನೀರು ಹಾಕ್ಕೊಂಡೆ. ನೀವೇ ನೋಡಿದ್ರಲ್ಲ."

"ಬಾಯಿ ಮುಚ್ಚು! ಈ ಮನೇಲಿ ಇನ್ಯಾರಿಗೆ ಆಗತ್ತೆ? ನಿಮ್ಮಮ್ಮ ಕಲಿಸಿದ ಮಡಿ ಇದೇನಾ?"

ಅಮ್ಮನ ಮಾತು ಬಂದಾಗ ಚಾರುಲತಾಳ ಕಣ್ಣಲ್ಲಿ ನೀರಾಡಿತು. ಮದುವೆಯಾದಾಗಿನಿಂದ ಇಂಥದ್ದನ್ನೇ ಕೇಳಿ ಕೇಳಿ, ವಾದಿಸುವ ಹುಮ್ಮಸ್ಸೇ ಅವಳಲ್ಲಿ ಉಳಿದಿರಲಿಲ್ಲ. ಒದ್ದೆ ಬಟ್ಟೆ ತಂದು, ಮಂಡಿಯೂರಿ ನೆಲ ಒರೆಸಿದಳು. ಅತ್ತೆ ಪಕ್ಕದಲ್ಲೇ ನಿಂತು ಬೈಯುತ್ತಲೇ ಇದ್ದರು.

ಒರೆಸಿ ಮುಗಿಸುವಷ್ಟರಲ್ಲಿ ಅತ್ತೆಯ ಸೀರೆಯೊಳಗಿಂದ ಇನ್ನೊಂದು ಹನಿ ಅವರ ಪಾದದ ಪಕ್ಕದಲ್ಲೇ ಬಿತ್ತು.

ಚಾರುಲತಾ ಬೆಚ್ಚಿ ತಲೆಯೆತ್ತಿದಳು. "ಅತ್ತೆ, ನಿಮಗೆ ನಿಂತು ಎಷ್ಟೋ ವರ್ಷ ಆಯ್ತಲ್ವಾ? ಈ ವಯಸ್ಸಲ್ಲಿ ಹೀಗೆ ಹೋಗಬಾರದು. ಯಾವಾಗಿಂದ ಆಗ್ತಿದೆ?"

ಬೈಗುಳ ಥಟ್ಟನೆ ನಿಂತಿತು.

"ಯುಗಾದಿಯಿಂದ."

"ಅಯ್ಯೋ! ಯಾಕೆ ಹೇಳ್ಲಿಲ್ಲ? ಬನ್ನಿ, ಈಗಲೇ ಡಾಕ್ಟರ ಹತ್ರ ಹೋಗೋಣ."

"ಹೇಳಿದ್ರೆ ನನ್ನನ್ನ ದೇವರ ಮನೆಗೆ ಬಿಡ್ತಾರೇನೇ?"

ಅಷ್ಟರಲ್ಲಿ ಜಗುಲಿಯಿಂದ ಮಾವನವರ ದನಿ ಕೇಳಿತು. "ಏನೇ ಅದು ಗಲಾಟೆ?"

ಅತ್ತೆ ಆ ಹನಿಯ ಮೇಲೆ ಪಾದವಿಟ್ಟರು. ಏಳಲು ಹೋದ ಸೊಸೆಯ ಭುಜವನ್ನು ಅದುಮಿ ಹಿಡಿದು, ಜಗುಲಿಗೆ ಕೇಳುವಂತೆ ಕೂಗಿ ಹೇಳಿದರು:

"ಇನ್ನೇನು? ನಿಮ್ಮ ಸೊಸೆ ಹೊರಗಾಗಿದ್ದಾಳೆ!"