ಹಗ್ಗ ಹಿಡಿದ ಕೈ

ಚೆಂಡುಹೂವಿನ ಎಸಳನ್ನು ಬೆರಳಲ್ಲಿ ಉಜ್ಜಿದಾಗ ಬರುವ ಕಹಿ ವಾಸನೆಗೆ ಈಗಲೂ ಸಾಲಗಾಮೆಯ ನಮ್ಮ ಶಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನ್ನ ತಾತ ಆ ಶಾಲೆಯ ಜವಾನ. ಸ್ವಾತಂತ್ರ್ಯ ದಿನ ಬಾವುಟದೊಳಗೆ ಎಸಳು ತುಂಬಿ, ಹಗ್ಗ ಎಳೆದ ಕೂಡಲೇ ಬಿಚ್ಚಿಕೊಳ್ಳುವ ಹಾಗೆ ಗಂಟು ಹಾಕುವುದು ಅವನ ಕೆಲಸ. "ಗಂಟು ಬಿಗೀನೂ ಇರ್ಬೇಕು, ಬುಟ್ಟೂ ಕೊಡ್ಬೇಕು ಕಣವ್ವ," ಎನ್ನುತ್ತಿದ್ದ.

ಆ ವರ್ಷ ಧ್ವಜಾರೋಹಣದ ಫೋಟೊ ತೆಗೆಸಿದ್ದರು. ವಾರ ಕಳೆದ ಮೇಲೆ ಅದು ಹಾಸನದ ಸ್ಟುಡಿಯೊದಿಂದ ಕಟ್ಟು ಹಾಕಿಸಿಕೊಂಡು ಬಂತು. ಹೆಡ್‌ಮೇಷ್ಟ್ರ ಕೋಣೆಯಲ್ಲಿ ತಾತನೇ ಮೊಳೆ ಹೊಡೆದು ತೂಗುಹಾಕಿದ. ನಾನು ಒಳಗೆ ನುಸುಳಿ, ತುದಿಗಾಲಲ್ಲಿ ನಿಂತು ನೋಡಿದೆ. ಬಾವುಟ ಬಿಚ್ಚಿಕೊಂಡಿತ್ತು. ಎಸಳುಗಳು ಗಾಳಿಯಲ್ಲೇ ನಿಂತಿದ್ದವು. ಕೆಳಗೆ ಮೇಷ್ಟ್ರು, ಊರಿನ ದೊಡ್ಡವರು, ಸಾಲಾಗಿ ಮಕ್ಕಳು. ಎಷ್ಟು ಹುಡುಕಿದರೂ ತಾತ ಮಾತ್ರ ಸಿಗಲಿಲ್ಲ.

"ಸಾ, ನಮ್ ತಾತ ಎಲ್ಲವ್ನೆ?" ಎಂದು ಅಲ್ಲೇ ಇದ್ದ ಹೆಡ್‌ಮೇಷ್ಟ್ರನ್ನೇ ಕೇಳಿದೆ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಫೋಟೊದ ಹತ್ತಿರ ಬಂದು ಬಹಳ ಹೊತ್ತು ನೋಡಿದರು. ತಾತ ನಕ್ಕು, ಫೋಟೊದ ಅಂಚಿಗೆ ಬೆರಳಿಟ್ಟ.

"ಇಲ್ನೋಡವ್ವ, ಕಂಬದ ಪಕ್ಕ. ಹಗ್ಗ ಹಿಡ್ಕಂಡೈತಲ್ಲ, ಅದು ನನ್ ಕೈ."

"ನಂಗೆ ಕಾಣ್ತಿಲ್ಲ," ಎಂದೆ.

ಮೇಷ್ಟ್ರು ತಮ್ಮ ಕುರ್ಚಿಯನ್ನು ಎಳೆದು ತಾತನ ಮುಂದಿಟ್ಟು, "ಕೂತ್ಕೊಳಪ್ಪ," ಎಂದರು. ಆ ಕೋಣೆಯಲ್ಲಿ ತಾತ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವತ್ತೂ ಅವನು ಕೂರಲಿಲ್ಲ. ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಸರಿಸಿ, ನನ್ನನ್ನು ಎತ್ತಿ ಅದರ ಮೇಲೆ ನಿಲ್ಲಿಸಿದ.

"ಈಗ ಕಾಣ್ತೈತಾ?"